ಅಕ್ಕೋರು ಹೇಳಿದ ಸುಳ್ಳು

ದಾಸನಕೊಪ್ಪದಲ್ಲಿ ಬಸ್ಸಿಳಿದು ಗೋವಿನಜೋಳದ ಹೊಲಗಳ ನಡುವಿನ ದಾರಿ ಹಿಡಿದರೆ ಮತ್ತಿಕೊಪ್ಪ ಸಿಗುತ್ತದೆ. ಆ ಊರಿನ ಹರೆಯದವರಲ್ಲಿ ಯಾರನ್ನೇ ಕೇಳಿ, ಅವರ ಕೈ ಹಿಡಿದು ಪಾಟಿಯ ಮೇಲೆ ಮೊದಲ ಅಕ್ಷರ ತಿದ್ದಿಸಿದವಳು ದಾಕ್ಷಾಯಿಣಿ ಅಕ್ಕೋರು. ಸರ್ಕಾರ ಅವಳನ್ನು ಅಂಗನವಾಡಿ ಕಾರ್ಯಕರ್ತೆ ಎನ್ನುತ್ತದೆ. ಊರಿಗೆ ಅವಳು ಅಕ್ಕೋರು ಅಷ್ಟೆ.

ಎಕ್ಕಂಬಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಅವಳ ಗಂಡ ತೀರಿಕೊಂಡಾಗ ಮಗಳು ಶಿಲ್ಪಾ ಇನ್ನೂ ಕಂಕುಳ ಕೂಸು. ಗಂಡನ ಅಣ್ಣ ಶಿವಪುತ್ರಪ್ಪ ಮನೆಯ ಯಜಮಾನ, ಊರಿನಲ್ಲೂ ಅವನ ಮಾತಿಗೆ ತೂಕವಿತ್ತು. ತಮ್ಮನ ಹೆಂಡತಿಯನ್ನು ಅವನು ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಉಣ್ಣಲು ಉಡಲು ಕಡಿಮೆ ಮಾಡಲಿಲ್ಲ. ಆದರೆ ಅವಳು ಬಾಗಿಲಾಚೆ ಕಾಲಿಡಬೇಕಿದ್ದರೆ ಎಲ್ಲಿಗೆ, ಯಾಕೆ, ತಿರುಗಿ ಬರುವುದು ಯಾವಾಗ ಎಂದು ಹೇಳಿ ಹೋಗಬೇಕಿತ್ತು.

ಅಂಗನವಾಡಿಯ ಕೆಲಸ ಸಿಕ್ಕ ಮೇಲೆ ಅದು ತಪ್ಪಿತು. ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಹೊರಟರೆ ಯಾರೂ ಕೇಳುತ್ತಿರಲಿಲ್ಲ. ಮೀಟಿಂಗಿಗೆಂದು ಶಿರಸಿಗೆ ಹೋದ ದಿನ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಒಬ್ಬಳೇ ಕೂತು ಚಾ ಕುಡಿಯುತ್ತಿದ್ದಳು. ಬೇರೆಯವರಿಗೆ ಅದು ಲೆಕ್ಕಕ್ಕೇ ಇಲ್ಲದ ಸಂಗತಿ. ಅವಳಿಗೆ ಸ್ವಾತಂತ್ರ್ಯವೆಂದರೆ ಅದೇ, ಯಾರಿಗೂ ಹೇಳದೆ ಕುಡಿದ ಚಾ. ಹಾಗಾಗಿ ಕೆಲಸಕ್ಕೆ ಸಂಚಕಾರ ಬರುತ್ತದೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವಳಿಗೆ ಹೆದರಿಕೆಯಾಗುತ್ತಿತ್ತು.

ಅಂಗನವಾಡಿಯಲ್ಲಿ ಅಡಿಗೆ ಮಾಡುತ್ತಿದ್ದ ಸಹಾಯಕಿ ಶಾರದವ್ವ ವಯಸ್ಸಾಗಿ ನಿವೃತ್ತಳಾದಳು. ಅವಳ ಜಾಗಕ್ಕೆ ದಲಿತರ ಕೇರಿಯಿಂದ ಗುತ್ಯಮ್ಮ ಬಂದಳು. ಪಿಯುಸಿ ಪಾಸಾದವಳು, ಮಾತು ಕಡಿಮೆ, ಕೆಲಸ ಚುರುಕು. ಗಂಡ ಸೋಮ ಶಿರಸಿಯಲ್ಲಿ ಹಮಾಲಿ ಮಾಡುತ್ತಿದ್ದ. ಅವರ ಮಗಳು ಅದೇ ಅಂಗನವಾಡಿಗೆ ಬರುತ್ತಿತ್ತು.

ಮೊದಲ ದಿನ ಗುತ್ಯಮ್ಮ ಅನ್ನ, ಸೊಪ್ಪಿನ ಸಾರು ಮಾಡಿದಳು. ಮಕ್ಕಳು ಇನ್ನಷ್ಟು ಹಾಕಿಸಿಕೊಂಡು ಉಂಡವು. ಮರುದಿನ ಕೇರಿಯ ಮಕ್ಕಳನ್ನು ಬಿಟ್ಟು ಒಂದೂ ಬರಲಿಲ್ಲ. ದಾಕ್ಷಾಯಿಣಿ ಮನೆಮನೆಗೆ ಹೋದಳು. “ಕೂಸಿಗೆ ನೆಗಡಿ ಆಗೇತ್ರಿ ಅಕ್ಕೋರ” ಎಂದರು ಒಂದು ಮನೆಯಲ್ಲಿ. “ಅಜ್ಜಿ ಊರಿಗೆ ಹೋಗ್ಯಾನ್ರಿ” ಎಂದರು ಇನ್ನೊಂದರಲ್ಲಿ. ಊರಿಗೆ ಹೋದ ಆ ಹುಡುಗ ಹಿತ್ತಲಲ್ಲಿ ಗೋಲಿ ಆಡುತ್ತಿದ್ದ. ಅವಳು ನೋಡಿಯೂ ನೋಡದವಳಂತೆ ಬಂದಳು. ಜಾತಿಯ ಹೆಸರನ್ನು ಯಾರೂ ಎತ್ತಲಿಲ್ಲ.

ಎತ್ತಿದವನು ಶಿವಪುತ್ರಪ್ಪ, ಅದೂ ಬಳಸಿ ಬಳಸಿ. ಸಂಜೆ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಅಂದ, “ನೋಡ ದಾಕ್ಷಾಯಿಣಿ, ಕಾಯ್ದೆ ಕಾನೂನು ನನಗೂ ಗೊತ್ತೈತಿ. ಆಕೀನ್ನ ತಗೀರಿ ಅಂತ ನಾ ಅನ್ನಂಗಿಲ್ಲ. ಆದ್ರ ಹುಡುಗ್ರು ಬರಲಿಲ್ಲಂದ್ರ ಅಂಗನವಾಡಿ ಮುಚ್ತಾರ. ಮುಚ್ಚಿದ್ರ ನೀ ಮನ್ಯಾಗ ಇರ್ತಿ. ಯೋಚನಿ ಮಾಡು.”

ಅವಳು ಯೋಚಿಸಿದಳು. ಮರುದಿನ ಗುತ್ಯಮ್ಮನನ್ನು ಕರೆದು ಮೆತ್ತಗೆ ಹೇಳಿದಳು, “ಗುತ್ಯಾ, ಹೊರಗಿಂದು ನೀ ನೋಡ್ಕೋ. ಕಸ, ನೀರು, ಹುಡುಗ್ರನ್ನ ಕರಕೊಂಡು ಬರೋದು. ಗ್ಯಾಸ್ ಹತ್ರ ನಾ ಇರ್ತೀನಿ. ಸಣ್ಣ ಕೂಸಿನ ತಾಯಿ ನೀನು, ಯಾಕ ಸುಮ್ನ ತ್ರಾಸ ತಗೋತಿ? ಆರಾಮ ಇರು.”

ಗುತ್ಯಮ್ಮ “ಹೂಂನ್ರಿ ಅಕ್ಕೋರ” ಎಂದು ಕಸಬರಿಗೆ ತೆಗೆದುಕೊಂಡು ಅಂಗಳಕ್ಕಿಳಿದಳು.

ಒಂದು ವಾರದೊಳಗೆ ನೆಗಡಿ ಆದವರು, ಅಜ್ಜಿ ಊರಿಗೆ ಹೋದವರು ಎಲ್ಲರೂ ಬಂದರು. ಗಲಾಟೆಯಿಲ್ಲದೆ, ಯಾರ ಮನಸ್ಸೂ ಮುರಿಯದೆ ಕೆಲಸ ಸುಧಾರಿಸಿದೆನೆಂದು ದಾಕ್ಷಾಯಿಣಿಗೆ ಒಳಗೊಳಗೇ ಹೆಮ್ಮೆ. ಗುತ್ಯಮ್ಮನಿಗೆ ತಾನೇ ತಾಟಿನಲ್ಲಿ ಅನ್ನ ಹಾಕಿ ಹೊರಗಿನ ಕಟ್ಟೆಗೆ ಒಯ್ದು ಕೊಡುತ್ತಿದ್ದಳು. ಅದನ್ನೂ ತನ್ನ ಒಳ್ಳೆಯತನಕ್ಕೇ ಸೇರಿಸಿಕೊಂಡಳು. ಮೇಲ್ವಿಚಾರಕಿ ಬರುವ ದಿನ ಮಾತ್ರ ಗುತ್ಯಮ್ಮನನ್ನು ಒಳಗೆ ಕರೆದು ಕೈಗೆ ಸೌಟು ಕೊಡುತ್ತಿದ್ದಳು. ಮೊಬೈಲಿನಲ್ಲಿ ಊಟದ ಫೋಟೊ ಕಳಿಸಬೇಕಾದಾಗಲೂ ಹಾಗೇ. “ಸ್ವಲ್ಪ ಈ ಕಡಿ ತಿರುಗು ಗುತ್ಯಾ, ಹಾಂ, ನಗು.” ಫೋಟೊ ಆದ ಕೂಡಲೇ ಗುತ್ಯಮ್ಮ ಸೌಟನ್ನು ಕೆಳಗಿಟ್ಟು ಹೊರಗೆ ಹೋಗುತ್ತಿದ್ದಳು. ಹೋಗು ಎಂದು ಹೇಳುವ ಅಗತ್ಯವೂ ಬೀಳುತ್ತಿರಲಿಲ್ಲ.

ಒಂದು ದಿನ ಒಳಗೆ ಊಟಕ್ಕೆ ಕೂತ ಗುತ್ಯಮ್ಮನ ಮಗಳು ಕೇಳಿತು, “ಅಕ್ಕೋರ, ನಮ್ಮವ್ವ ಯಾಕ ಹೊರಗ ಉಣ್ತಾಳ?” ದಾಕ್ಷಾಯಿಣಿ “ಅಲ್ಲಿ ಗಾಳಿ ಚಲೋ ಐತಿ” ಎಂದಳು. ಮಗು ನಂಬಿತು.

ಮಳೆಗಾಲದಲ್ಲಿ ದಾಕ್ಷಾಯಿಣಿಗೆ ಜ್ವರ ಬಂತು. ಒಂದು ದಿನ ಬೆಳಿಗ್ಗೆ ಏಳಲಾಗದೆ ಮಲಗಿಯೇ ಇದ್ದಳು. ಮಧ್ಯಾಹ್ನ ಜ್ವರ ಇಳಿದಾಗ ಮಕ್ಕಳ ನೆನಪಾಗಿ, ಕೊಡೆ ಹಿಡಿದು ಹೊರಟಳು. ದೂರದಿಂದಲೇ ಗದ್ದಲ ಕೇಳಿಸಿತು.

ನಡೆದದ್ದು ಇಷ್ಟು. ಅಕ್ಕೋರು ಬರಲಿಲ್ಲ, ಮಕ್ಕಳು ಹಸಿವಿನಿಂದ ಅಳತೊಡಗಿದವು. ಗುತ್ಯಮ್ಮ ಗ್ಯಾಸ್ ಹಚ್ಚಿ ಅನ್ನ ಮಾಡಿ ಮೊಟ್ಟೆ ಬೇಯಿಸಿ ಬಡಿಸಿದಳು. ಮಗನನ್ನು ಕರೆದೊಯ್ಯಲು ಬಂದ ಶಿವಪುತ್ರಪ್ಪನ ಸೊಸೆ, ಅವನ ಮಗ ಭರತ್‌ನ ಹೆಂಡತಿ, ಅದನ್ನು ಕಂಡಳು. ಕೂಗಿ ಜನ ಸೇರಿಸಿದಳು. ದಾಕ್ಷಾಯಿಣಿ ಅಂಗಳಕ್ಕೆ ಕಾಲಿಟ್ಟಾಗ ಅವಳ ಮನೆಯ ಆ ಸೊಸೆಯೇ ಅನ್ನದ ಪಾತ್ರೆಯನ್ನು ಎಳೆದು ತಂದು ಮಳೆ ನೀರಿಗೆ ಬೋರಲು ಹಾಕುತ್ತಿದ್ದಳು. ಬಿಳಿ ಅನ್ನ ಕೆಂಪು ರಾಡಿಯಲ್ಲಿ ಹರಡಿಕೊಂಡಿತು. ಮಕ್ಕಳು ಎಂಜಲು ಕೈಯಲ್ಲೇ ನಿಂತು ನೋಡುತ್ತಿದ್ದವು.

“ಅತ್ತೀ, ಇಕೀಗೆ ಒಳಗ ಹೋಗು ಅಂತ ನೀವು ಹೇಳಿದ್ರೇನು?” ಎಂದು ಸೊಸೆ ಕೇಳಿದಳು.

“ಇಲ್ಲವ್ವ. ನಾ ಹೇಳಿಲ್ಲ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ದಾಕ್ಷಾಯಿಣಿ ಗುತ್ಯಮ್ಮನತ್ತ ತಿರುಗಿ, ದನಿ ಏರಿಸಿ, “ನಿನಗ ಹೇಳಿದ್ದಿಲ್ಲೇನ? ಒಳಗ ಯಾಕ ಹೋದಿ?” ಎಂದಳು.

ಗುತ್ಯಮ್ಮ ಬೋರಲು ಬಿದ್ದ ಪಾತ್ರೆಯನ್ನು ಎತ್ತಿ ನಲ್ಲಿಯ ಕೆಳಗೆ ತೊಳೆದು, ಒಳಗೆ ಅದರ ಜಾಗದಲ್ಲಿಟ್ಟು, ಮಗಳನ್ನು ಎತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಅವಳು ಗ್ರಾಮ ಪಂಚಾಯತಿಯ ಮೆಟ್ಟಿಲ ಮೇಲೆ ಕೂತಿದ್ದಳು. ಒಬ್ಬಳೇ. ಪಂಚಾಯತಿಯವರು ಏನು ಬೇಕೆಂದು ಕೇಳಿದರು.

“ನನ್ನ ಕೆಲಸ” ಎಂದಳು.

“ಕೆಲಸ ಯಾರು ಕಸಗೊಂಡಾರ? ಪಗಾರ ಬರಾಕತ್ತೈತಿಲ್ಲ?”

“ಪಗಾರ ಅಲ್ರಿ. ಕೆಲಸ.”

ಸೋಮ ಮೊದಲು ಬೈದ. ಹಮಾಲಿ ಮಾಡುವವರಿಗೆ ಜಗಳ ಯಾಕೆ ಎಂದ. ಮೂರನೆಯ ದಿನ ಅವನೂ ಬಂದು ಹೆಂಡತಿಯ ಪಕ್ಕದಲ್ಲಿ ಕೂತ. ಆಮೇಲೆ ಕೇರಿಯ ಹೆಂಗಸರು ಬಂದರು. ಶಿರಸಿಯಿಂದ ದಲಿತ ಸಂಘಟನೆಯವರು ಬಂದರು. ಯಾರೋ ನೀಲಿ ಬಾವುಟ ಕಟ್ಟಿದರು. ದಿನಾ ಬೆಳಿಗ್ಗೆ ಆ ಮೆಟ್ಟಿಲ ಮುಂದೆಯೇ ಅಂಗನವಾಡಿಗೆ ಹೋಗಬೇಕಾದ ದಾಕ್ಷಾಯಿಣಿ, ಕೆರೆಯ ಏರಿಯ ಮೇಲಿನ ಸುತ್ತು ದಾರಿ ಹಿಡಿದಳು.

ಸುದ್ದಿ ಹಬ್ಬಿ, ಶಿರಸಿಯಿಂದ ಒಬ್ಬ ಮಹಿಳಾ ಅಧಿಕಾರಿ ವಿಚಾರಣೆಗೆ ಬಂದರು. ಅಂಗನವಾಡಿಯ ಪುಟ್ಟ ಕುರ್ಚಿಯ ಮೇಲೆ ಕೂತು ಕೇಳಿದರು, “ಅಡಿಗೆ ಮಾಡಬಾರದು ಅಂತ ಗುತ್ಯಮ್ಮನಿಗೆ ಯಾರಾದರೂ ಹೇಳಿದ್ದರಾ?”

ಬಾಗಿಲಲ್ಲಿ ಶಿವಪುತ್ರಪ್ಪ ನಿಂತಿದ್ದ. ಅವನು ಕಣ್ಸನ್ನೆಯನ್ನೂ ಮಾಡಲಿಲ್ಲ. ಸುಮ್ಮನೆ ನಿಂತಿದ್ದ.

“ಇಲ್ರಿ ಮೇಡಂ” ಎಂದಳು ದಾಕ್ಷಾಯಿಣಿ. “ಆಕೀನ ಬ್ಯಾಡ ಅಂದ್ಳು. ಸಣ್ಣ ಕೂಸು ಐತಲ್ರಿ, ಹೊರಗಿನ ಕೆಲಸ ಸಾಕು ಅಂದ್ಳು.”

“ಅವಳೇ ಅಂದಳಾ?”

“ಹೌದ್ರಿ. ಆಕೀನ.”

ಅಧಿಕಾರಿ ಅವಳನ್ನು ದಿಟ್ಟಿಸಿ ನೋಡಿ ಎದ್ದು ಹೋದರು. ಶಿವಪುತ್ರಪ್ಪ ಆ ದಿನ ಮನೆಯಲ್ಲಿ, “ಶಾಣ್ಯಾ ಆದಿ” ಎಂದ. ಇಷ್ಟು ವರ್ಷಗಳಲ್ಲಿ ಅವನ ಬಾಯಿಂದ ಬಂದ ಮೊದಲ ಹೊಗಳಿಕೆ. ಅವಳು ಅರ್ಧ ಉಂಡ ತಾಟನ್ನು ಎತ್ತಿಕೊಂಡು ಎದ್ದಳು.

ವಿಚಾರಣೆಯಲ್ಲಿ ಏನೂ ಸಾಬೀತಾಗಲಿಲ್ಲ ಎಂದು ಗೊತ್ತಾದ ಮೇಲೆ ಮೆಟ್ಟಿಲ ಮೇಲಿದ್ದವರು ಎದ್ದು, ದಾಸನಕೊಪ್ಪದ ಮೇಲೆ ಹಾದು ಶಿರಸಿಗೆ ನಡೆದೇ ಹೊರಟರು. ಗುತ್ಯಮ್ಮ ಮುಂದಿದ್ದಳು. ಶಿರಸಿಯಲ್ಲಿ ಓದುತ್ತಿದ್ದ ಶಿಲ್ಪಾ ಪೇಟೆಯಲ್ಲಿ ಆ ಮೆರವಣಿಗೆ ಕಂಡು ತಾಯಿಗೆ ಫೋನ್ ಮಾಡಿದಳು.

“ಅವ್ವಾ, ಗುತ್ಯಕ್ಕ ತಾನ ಬ್ಯಾಡ ಅಂದ್ಳು ಅಂತ ಹೇಳಿದೇನು?”

“ಯಾರು ಹೇಳಿದ್ರು ನಿನಗ?”

“ಆಕೀನ ಹೇಳಿದ್ಳು. ನಾ ಹೋಗಿ ಮಾತಾಡ್ಸಿದೆ. ನಿಮ್ಮವ್ವನ ಕೇಳು ಅಂದ್ಳು. ಖರೇ ಏನವ್ವಾ?”

ಆಚೆಯಿಂದ ಘೋಷಣೆಗಳು ಕೇಳಿಸುತ್ತಿದ್ದವು. ಶಿಲ್ಪಾ “ಆತು ಬಿಡು” ಎಂದು ಫೋನ್ ಇಟ್ಟಳು. ಜಗಳವಾಡಿದ್ದರೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಅಡಿಗೆಮನೆಗೆ ಹೋಗಿ ಸುಮ್ಮನೆ ಪಾತ್ರೆಗಳನ್ನು ಆಚೀಚೆ ಸರಿಸುತ್ತ ನಿಂತವಳಿಗೆ ಭರತ್‌ನ ಮದುವೆ ನೆನಪಾಯಿತು. ಅರಿಶಿನ ಹಚ್ಚುವಾಗ, ಎತ್ತಿ ಆಡಿಸಿದ ಹುಡುಗನಲ್ಲವೇ ಎಂದು ಇವಳೂ ಬಟ್ಟಲಿಗೆ ಕೈ ಹಾಕಿದ್ದಳು. ಶಿವಪುತ್ರಪ್ಪನ ಹೆಂಡತಿ ಅವಳ ಕೈಯನ್ನು ಮೆಲ್ಲಗೆ, ಎಷ್ಟೋ ಪ್ರೀತಿಯಿಂದ ಎಂಬಂತೆ ಹಿಡಿದು ಪಕ್ಕಕ್ಕೆ ಸರಿಸಿದ್ದಳು. “ನೀ ಯಾಕ ತ್ರಾಸ ತಗೋತಿ ದಾಕ್ಷಾಯಿಣಿ? ಆರಾಮ ಕುಂದ್ರು.” ನಾಲ್ಕು ಜನರ ನಡುವೆ ನಗುತ್ತಲೇ ಹಿಂದೆ ಸರಿದು, ಹಿತ್ತಲಿಗೆ ಹೋಗಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಿದ್ದಳು. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು. ಅಂಥ ಸವಿಮಾತಿಗೆ ಏನೆನ್ನುವುದು ಎಂದು ಆಗ ಅನಿಸಿತ್ತು.

ತ್ರಾಸ ಯಾಕೆ, ಆರಾಮ ಇರು. ಅದೇ ಮಾತನ್ನು, ಅದೇ ದನಿಯಲ್ಲಿ, ತಾನು ಗುತ್ಯಮ್ಮನಿಗೆ ಹೇಳಿದ್ದಳು. ಎಲ್ಲಿ ಕಲಿತಿದ್ದಳೋ ಅಲ್ಲಿಂದಲೇ ತಂದು ಹೇಳಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಯಾರೋ ನೋಡಿಬಿಟ್ಟರೆಂಬಂತೆ ಮುಖ ಮುಚ್ಚಿಕೊಂಡಳು.

ಮರುದಿನ ಅವಳು ಶಿರಸಿಯ ಬಸ್ಸು ಹತ್ತಿದಳು. ಮೀಟಿಂಗಿದೆಯೇ ಎಂದು ಶಿವಪುತ್ರಪ್ಪ ಕೇಳಿದ. “ಇಲ್ರಿ ಭಾವಾರ. ಗುತ್ಯಮ್ಮ ಕುಂತಲ್ಲಿಗೆ ಹೊಂಟೀನಿ” ಎಂದಳು. ಅವನ ಮುಖ ನೋಡುವ ಧೈರ್ಯವಿಲ್ಲದೆ ಚಪ್ಪಲಿ ಮೆಟ್ಟಿ ಬೇಗ ಬೇಗ ನಡೆದಳು.

ವಿಚಾರಣೆಗೆ ಬಂದಿದ್ದ ಅಧಿಕಾರಿಯ ಕಚೇರಿಯ ಎದುರಿನ ಮರದ ಕೆಳಗೆ ಅವರು ಕೂತಿದ್ದರು. ಹೋಗಿ ಬರುವವರು ನಿಂತು ನೋಡುತ್ತಿದ್ದರು. ಅಂಥ ಒಬ್ಬ ಹಿರಿಯ ಮನುಷ್ಯ ಗುತ್ಯಮ್ಮನನ್ನು ಕೇಳುತ್ತಿದ್ದ, “ಅಲ್ಲಾ ತಂಗಿ, ದೇಶಕ್ಕೆ ಸ್ವಾತಂತ್ರ್ಯ ಬಂದು ಎಷ್ಟು ಕಾಲ ಆತು. ಇನ್ನೂ ಎಂಥದು ಬೇಕು ನಿಂಗೆ?”

ಗುತ್ಯಮ್ಮ ಹೇಳಿದಳು, “ಅನ್ನ ಸೀದು ಹೋದ್ರ ನನ್ನ ಬೈಬೇಕ್ರಿ. ಸಾರಿಗೆ ಉಪ್ಪು ಜಾಸ್ತಿ ಆದ್ರ, ಎಂಥಾ ಅಡಿಗಿ ಮಾಡ್ತಿ ಗುತ್ಯಮ್ಮ ಅನ್ನಬೇಕ್ರಿ. ಚಲೋ ಮಾಡಿದ್ರೂ ಚೆಲ್ತಾರಲ್ರಿ, ಅದು ನನಗ ಬ್ಯಾಡ. ಅಷ್ಟ.”

ಆ ಮನುಷ್ಯ ತಲೆಯಾಡಿಸುತ್ತ ಹೋದ. ದಾಕ್ಷಾಯಿಣಿ ಮುಂದೆ ಬಂದಳು.

“ಗುತ್ಯಾ, ನಾ ಆ ಮೇಡಂ ಮುಂದ ಸುಳ್ಳು ಹೇಳಿದೆ.”

“ನನಗ ಗೊತ್ತೈತ್ರಿ” ಎಂದಳು ಗುತ್ಯಮ್ಮ. “ನನಗ್ಯಾಕ ಹೇಳಾಕ ಬಂದ್ರಿ ಅಕ್ಕೋರ? ಒಳಗ ಹೋಗಿ ಹೇಳ್ರಿ.”

ದಾಕ್ಷಾಯಿಣಿ ಒಳಗೆ ಹೋದಳು. ಅದೇ ಅಧಿಕಾರಿಯ ಎದುರು ನಿಂತು, ಗ್ಯಾಸ್ ಹತ್ತಿರ ಬರಬೇಡವೆಂದು ತಾನೇ ಹೇಳಿದ್ದು, ಫೋಟೊಗಾಗಿ ಸೌಟು ಹಿಡಿಸಿದ್ದು, ಅನ್ನ ಚೆಲ್ಲಿದವಳು ತನ್ನ ಮನೆಯ ಸೊಸೆ ಎಂಬುದು, ಎಲ್ಲವನ್ನೂ ಹೇಳಿದಳು. ಅಧಿಕಾರಿ ಎಲ್ಲ ಬರೆದುಕೊಂಡರು. “ಮೊನ್ನೆಯೇ ಹೇಳಿದ್ದರೆ ಇವರು ಇಷ್ಟು ದೂರ ನಡೆಯಬೇಕಿರಲಿಲ್ಲ” ಎಂದರು.

ಹೊರಗೆ ಬಂದು ಕೇರಿಯ ಹೆಂಗಸರ ಹತ್ತಿರ ನಿಂತಳು. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಮರದ ನೆರಳಿನಲ್ಲಿ ಜಾಗವಿರಲಿಲ್ಲ. ಬಿಸಿಲಲ್ಲೇ ಕೂತಳು. ಸಂಜೆಯವರೆಗೂ ಗುತ್ಯಮ್ಮ ಅವಳತ್ತ ತಿರುಗಲಿಲ್ಲ.

ಆಮೇಲೆ ಬೇಗ ಬೇಗ ಎಲ್ಲ ನಡೆಯಿತು. ಅನ್ನ ಚೆಲ್ಲಿದವರ ಮೇಲೆ ಕೇಸಾಯಿತು. ದಾಕ್ಷಾಯಿಣಿಗೆ ನೋಟಿಸು ಬಂತು, ಕೆಲಸ ಉಳಿಯಿತು. ಅಧಿಕಾರಿಗಳು ಊರಿಗೆ ಬಂದು, ಗುತ್ಯಮ್ಮ ಮಾಡಿದ ಅಡಿಗೆಯನ್ನು ಎಲ್ಲರ ಎದುರು ಉಂಡು ಹೋದರು. ಕೆಲವರು ಮಕ್ಕಳನ್ನು ಬಿಡಿಸಿ ದಾಸನಕೊಪ್ಪದ ನರ್ಸರಿಗೆ ಹಾಕಿದರು. ಉಳಿದವರು, ದಿನಾ ಕರೆದೊಯ್ಯುವವರ್ಯಾರು ಎಂದು ಬೇಸತ್ತು, ಇಲ್ಲಿಗೇ ಕಳಿಸಿದರು. ಮನಸ್ಸು ಬದಲಾಗಿ ಕಳಿಸಿದವರೂ ಒಂದಿಬ್ಬರು ಇದ್ದರು. ಶಿವಪುತ್ರಪ್ಪ ಮನೆಯ ನಡುವೆ ಗೋಡೆ ಎಬ್ಬಿಸಿದ. ಭರತ್ ಎದುರು ಸಿಕ್ಕರೆ ದಾರಿ ಬದಲಿಸುತ್ತಿದ್ದ. ಈಗ ದಾಕ್ಷಾಯಿಣಿ ಎಲ್ಲಿಗೆ ಹೋದರೂ ಕೇಳುವವರಿಲ್ಲ. ಅವಳು ಬಯಸಿದ ಸ್ವಾತಂತ್ರ್ಯ ಕೊನೆಗೆ ಹೀಗೆ, ಯಾರೂ ಮಾತಾಡಿಸದ ಮನೆಯಾಗಿ ಸಿಕ್ಕಿತು.

ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ಪೇಪರಿನವರಿಂದ. ಸತ್ಯ ಹೇಳಿದ ಧೀರ ಕಾರ್ಯಕರ್ತೆ ಎಂದು ಅವಳ ಫೋಟೊ ದೊಡ್ಡದಾಗಿ ಬಂತು. ಗುತ್ಯಮ್ಮನ ಫೋಟೊ ಕೆಳಗೆ ಮೂಲೆಯಲ್ಲಿ, ಅಂಚೆಚೀಟಿಯಷ್ಟು. ಶಿರಸಿಯ ಒಂದು ಮಹಿಳಾ ಮಂಡಳದವರು ಶಾಲು ಹೊದಿಸುತ್ತೇವೆ ಬನ್ನಿ ಎಂದು ಫೋನ್ ಮಾಡಿದರು. “ಬ್ಯಾಡ್ರಿ” ಎಂದಳು. ಎಷ್ಟು ವಿನಯ ಎಂದು ಅವರು ಇನ್ನೂ ಹೊಗಳಿದರು. “ವಿನಯ ಅಲ್ರಿ, ನನಗ ನಾಚಿಕಿ ಆಗತೈತಿ” ಎಂದು ಫೋನ್ ಇಟ್ಟಳು. ಆ ಪೇಪರನ್ನು ಅಂಗನವಾಡಿಗೆ ಯಾರೋ ತಂದು ಗೋಡೆಗೆ ಅಂಟಿಸಿದ್ದರು. ಗುತ್ಯಮ್ಮ ಬರುವ ಮೊದಲೇ ಅದನ್ನು ಕಿತ್ತು ಹಾಕಬೇಕೆಂದು ಓಡಿದಳು. ಗುತ್ಯಮ್ಮ ಆಗಲೇ ಬಂದು ಓದುತ್ತಿದ್ದಳು. “ನಿಮ್ಮ ಫೋಟೊ ಚಲೋ ಬಂದೈತ್ರಿ” ಎಂದಷ್ಟೇ ಹೇಳಿ ಅಕ್ಕಿ ತೊಳೆಯಲು ಹೋದಳು.

ಇಬ್ಬರೂ ಎರಡು ವರ್ಷ ಒಟ್ಟಿಗೆ ಕೆಲಸ ಮಾಡಿದರು. ಗುತ್ಯಮ್ಮ ಅಡಿಗೆ ಮಾಡಿದಳು, ಒಳಗೆ ಕೂತು ಉಂಡಳು. ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಅವಳನ್ನು ಗುತ್ಯಾ ಎಂದು ಕರೆಯುವುದನ್ನು ದಾಕ್ಷಾಯಿಣಿ ತಾನಾಗಿಯೇ ಬಿಟ್ಟು, ಗುತ್ಯಮ್ಮ ಎನ್ನತೊಡಗಿದಳು. ಆ ಬದಲಾವಣೆಯನ್ನು ಗುತ್ಯಮ್ಮ ಗಮನಿಸಿದಳೋ ಇಲ್ಲವೋ, ಗೊತ್ತಾಗಲಿಲ್ಲ.

ಆಮೇಲೆ ಗುತ್ಯಮ್ಮನಿಗೆ ಬಡ್ತಿ ಸಿಕ್ಕಿತು. ಗುಡ್ನಾಪುರದ ಕಡೆಯ ಒಂದು ಹಳ್ಳಿಗೆ ಕಾರ್ಯಕರ್ತೆಯಾಗಿ ಹೋಗಬೇಕಿತ್ತು. ಕೊನೆಯ ದಿನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಸೋಮ ಬೈಕ್ ತಂದು ರಸ್ತೆಯಲ್ಲಿ ಕಾಯುತ್ತಿದ್ದಾಗ, ದಾಕ್ಷಾಯಿಣಿ ಇಷ್ಟು ದಿನ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತನ್ನು ಆಡಿದಳು.

“ಗುತ್ಯಮ್ಮ, ನಾ ಮಾಡಿದ್ದು ಭಾಳ ತಪ್ಪಾತು. ನನ್ನ ಕ್ಷಮಾ ಮಾಡು.”

ಗುತ್ಯಮ್ಮ ಕೈಚೀಲವನ್ನು ಕೆಳಗಿಟ್ಟಳು. ಸಿಟ್ಟಿನಿಂದಲ್ಲ, ಬಿಡಿಸಿ ಹೇಳುವವಳಂತೆ ಹೇಳಿದಳು.

“ಅದನ್ನ ಕೇಳಬ್ಯಾಡ್ರಿ ಅಕ್ಕೋರ. ಕಸ ಹೊಡಿ ಅಂದ್ರಿ, ಹೂಂ ಅಂದೆ. ಹೊರಗ ಉಣ್ಣು ಅಂದ್ರಿ, ಹೂಂ ಅಂದೆ. ಫೋಟೊಕ್ಕ ನಗು ಅಂದ್ರಿ, ನಕ್ಕೆ. ಈಗ ಕ್ಷಮಾ ಮಾಡು ಅಂತೀರಿ. ಇದಕ್ಕ ಹೂಂ ಅನ್ನಾಕ ನನಗ ಮನಸ್ಸಿಲ್ರಿ. ಮನಸ್ಸಾದಾಗ ನಾನ ಬಂದು ಹೇಳ್ತೀನಿ. ಆಗಲಿಲ್ಲಂದ್ರ ಇಲ್ಲ.”

ದಾಕ್ಷಾಯಿಣಿ ತಲೆ ತಗ್ಗಿಸಿ, “ಆತು” ಎಂದಳು.

ಅದಾಗಿ ಒಂದು ವರ್ಷವಾಗುತ್ತ ಬಂತು. ಶಿರಸಿಯ ಮೀಟಿಂಗಿನಲ್ಲಿ ಇಬ್ಬರೂ ಒಂದೇ ಸಾಲಿನ ಕುರ್ಚಿಗಳಲ್ಲಿ ಕೂರುತ್ತಾರೆ. ಮಗಳ ಓದು ಹೇಗಿದೆ ಎಂದು ಇವಳು ಕೇಳುತ್ತಾಳೆ, ಶಿಲ್ಪಾ ಆರಾಮಾ ಎಂದು ಅವಳು ಕೇಳುತ್ತಾಳೆ. ಗುತ್ಯಮ್ಮ ಇನ್ನೂ ಆ ಮಾತು ಹೇಳಿಲ್ಲ. ದಾಕ್ಷಾಯಿಣಿ ಕೇಳಿಲ್ಲ.